ಹೊಳೆಯ ಮೀನಿಗೆ ಪಂಜರ

ಹೊಳೆ ದಂಡೆಯಲ್ಲಿ ಒಬ್ಬನೇ ಇರುವವನ ಮನೆಗೆ ನಗೆ ತಾನಾಗಿ ಬರುವುದಿಲ್ಲ. ಯಾರಾದರೂ ಹೊತ್ತು ತರಬೇಕು. ಯುದ್ಧದ ಕಾಲದಲ್ಲಿ ಹೊನ್ನಾಳಿಗೆ ಬಂದ ಮೀನಿನ ವಿಜ್ಞಾನಿಯೊಬ್ಬರು ದಿನಾ ತಂದರು. ಖಾಕಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರು ಸೇರಿ ಮೀನು ಸಾಯುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ನನ್ನ ಮನೆಯವಳು ತೀರಿಕೊಂಡು ಎರಡು ವರ್ಷವಾಗಿತ್ತು, ಅವರಿಗೆ ಪಡಸಾಲೆ ಬಿಟ್ಟುಕೊಟ್ಟೆ. ಹದಿನೈದು ದಿನ ಸಾಕು ಎಂದರು. ಅಷ್ಟೇನಾ ಅನ್ನಿಸಿತು.

೧. ಪಂಜರ

ಕಾರ್ಖಾನೆ ಮೋರಿ ಹೊಳೆಗೆ ಸೇರುವ ಜಾಗದ ಮೇಲ್ಗಡೆ ಒಂದು, ಕೆಳಗಡೆ ಒಂದು ತಂತಿಯ ಪಂಜರ. ಎರಡರಲ್ಲೂ ಇಪ್ಪತ್ತಿಪ್ಪತ್ತು ಮೀನು. ಎಲ್ಲಿಯವು ಹೆಚ್ಚು ಸಾಯುತ್ತವೋ ಲೆಕ್ಕವಿಡಬೇಕು. ಪಂಜರ ಹೆಣೆದ ತಗಡಿನ ಸಾಬರು ಕೇಳಿಯೇ ಬಿಟ್ಟರು:

"ಹೊಳ್ಯಾಗಿನ ಮೀನು ಹಿಡಿದು, ಪಂಜರಕ್ಕೆ ಹಾಕಿ, ತಿರುಗಾ ಹೊಳ್ಯಾಗೇ ಇಡಾಕೆ ಎಷ್ಟು ವರ್ಷ ಓದೀರಿ ಸ್ವಾಮಿ?"

"ಹದಿನೆಂಟು."

"ಪಾಪ! ಮನ್ಯಾಗೆ ಗೊತ್ತೈತಾ?"

೨. ಸತ್ತ ಮೀನು

ಮೊದಲ ಮೀನು ಸತ್ತ ದಿನ ವಿಜ್ಞಾನಿಗಳು ಸೀಸೆ ತರಲು ಶಿವಮೊಗ್ಗಕ್ಕೆ ಹೋಗಿದ್ದರು. ಬಂದವರೇ, "ಎಲ್ರೀ ಸತ್ತದ್ದು?" ಎಂದು ನನ್ನನ್ನು ಕೇಳಿದರು.

"ತುಳಸಿ ನೀರು ಬಿಟ್ಟು ದಂಡೆ ಮ್ಯಾಲೆ ಮಣ್ಣು ಮಾಡಿದೆ."

"ಕೊಯ್ದು ಕಿವಿರು ನೋಡ್ಬೇಕಿತ್ತು ಕಣ್ರೀ! ತೆಗೀರಿ ಹೊರಗೆ!"

"ಮೂರು ದಿನ ತಡೀರಿ. ಹಾಲು-ತುಪ್ಪ ಬಿಟ್ಟ ಮ್ಯಾಲೆ ತೆಗೆದ್ರಾತು."

ಊಟ ಮುಗಿಯುವತನಕ ಬೈದರು. ಹಿತವೆನಿಸಿತು. ಎರಡು ವರ್ಷದಿಂದ ಆ ಮನೆಯಲ್ಲಿ ನನ್ನನ್ನು ಬೈಯುವವರೇ ಇರಲಿಲ್ಲ.

೩. ಸರದಿ

ಹದಿಮೂರನೆಯ ದಿನ ಅವರು ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ನಿಂತು ತಲೆ ಕೆರೆದುಕೊಂಡರು. "ಎರಡೂ ಕಡೆ ಏಳೇಳು ಸತ್ತಿವೆ! ಮೇಲಿನ ನೀರು ಚೊಕ್ಕವಾಗಿದೆ. ಅಲ್ಲಿ ಯಾಕೆ ಸಾಯ್ಬೇಕು?"

ಅನ್ನ ಬಿಟ್ಟು ಪುಸ್ತಕ ಹಿಡಿದರು. ನನಗೆ ನೋಡಲಾಗಲಿಲ್ಲ. ಮರುದಿನ ಹೊಳೆ ದಂಡೆಯಲ್ಲಿ ಬಾಯಿ ಬಿಟ್ಟೆ.

"ಸ್ವಾಮಿ, ತಪ್ಪು ತಿಳೀಬ್ಯಾಡ್ರಿ. ಒಂದು ಪಂಜರಕ್ಕೆ ದಿನಾ ಒಳ್ಳೆ ನೀರು, ಇನ್ನೊಂದಕ್ಕೆ ದಿನಾ ವಿಷ. ಇದು ಯಾವ ನ್ಯಾಯ? ಬೆಳಗಿನ ಸ್ನಾನಕ್ಕೆ ಹೋದಾಗ ಕೊಡದಾಗೆ ಹೊತ್ತು, ಮ್ಯಾಲಿನವು ಕೆಳಕ್ಕೆ, ಕೆಳಗಿನವು ಮ್ಯಾಲಕ್ಕೆ ಬದಲಿ ಮಾಡ್ತಿದ್ದೆ. ಸರದಿ ಪ್ರಕಾರ."

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. "ಮೊದಲಿಂದ ಮಾಡ್ಬೇಕು. ಹೊಸ ಮೀನು, ಹೊಸ ಲೆಕ್ಕ. ಇನ್ನೂ ಹದಿನೈದು ದಿನ ಈ ಊರಲ್ಲಿ!"

ಎಷ್ಟು ಪ್ರಯತ್ನಪಟ್ಟರೂ ದುಃಖ ನನ್ನ ಮುಖಕ್ಕೆ ಬರಲೊಲ್ಲದು. ಮನೆಗೆ ಬಂದವನೇ ದೇವರ ಮುಂದೆ ಕಾಯಿ ಒಡೆದೆ.

ಪಡಸಾಲೆಯಿಂದ ಅವರು ಕೂಗಿದರು: "ಕೆಲಸ ಕೆಟ್ಟದ್ದಕ್ಕೂ ಕಾಯಿ ಒಡೀತಾರೇನ್ರೀ?"

ದೇವರ ಎದುರು ಸುಳ್ಳು ಹೇಳುವಂತಿಲ್ಲ. ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸಿದೆ.