ಕೆನಡಾಕ್ಕೆ ಹೊರಟ ನರ್ಸಮ್ಮನ ವಿಚಾರಣೆ

ಖಾಕಿ ಬಟ್ಟೆ ಹಾಕಿಕೊಂಡು ಹಳ್ಳಿಗೆ ಹೋದವನಿಗೆ ಯಾರೂ ನಿಜ ಹೇಳುವುದಿಲ್ಲ. ನನ್ನ ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇದು ತಪ್ಪದೆ ನಡೆದುಕೊಂಡು ಬಂದ ಸಂಗತಿ. ಊಟ ಆಯ್ತೇನಪ್ಪ ಅಂತ ಕೇಳಿದರೂ ಎದುರಿನವನು ಒಂದು ಗಳಿಗೆ ನಿಂತು, ಆಯ್ತು ಅಂದರೆ ತಾಪತ್ರಯವೋ ಇಲ್ಲ ಅಂದರೆ ತಾಪತ್ರಯವೋ ಅಂತ ಯೋಚಿಸಿ, ಕೊನೆಗೆ "ಗೊತ್ತಿಲ್ಲ ಸ್ವಾಮಿ" ಅನ್ನುತ್ತಾನೆ. ಕಳ್ಳತನ, ಹೊಡೆದಾಟದ ವಿಚಾರಣೆಯಲ್ಲಿ ಇದೆಲ್ಲ ನನಗೆ ಅಭ್ಯಾಸವಾಗಿ ಹೋಗಿತ್ತು. ನನ್ನ ತಲೆ ಕೆಡಿಸಿದ್ದು ಪಾಸ್‌ಪೋರ್ಟ್ ವಿಚಾರಣೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೆಗ್ಗಡದೇವನಕೋಟೆ ಕಡೆ ದಫೇದಾರ. ಈಗಿನವರು ಹೆಡ್ ಕಾನ್‌ಸ್ಟೇಬಲ್ ಅನ್ನುತ್ತಾರಲ್ಲ, ಅದೇ. ಸರಗೂರಿನಿಂದ ಆಚೆ ಒಂದು ಹಳ್ಳಿ. ಅಲ್ಲಿನ ರೈತರೊಬ್ಬರ ಮಗಳು ಮೈಸೂರಿನಲ್ಲಿ ನರ್ಸ್ ಓದಿ ಹುಣಸೂರಿನಲ್ಲಿ ಕೆಲಸಕ್ಕಿದ್ದಳು. ಕೆನಡಾ ದೇಶದವರು ನರ್ಸುಗಳನ್ನು ಅಲ್ಲೇ ಖಾಯಂ ನೆಲೆಸುವುದಕ್ಕೆ ಕರೆಯುತ್ತಿದ್ದ ಕಾಲ. ಇವಳು ಅರ್ಜಿ ಹಾಕಿದ್ದಳು, ಅಲ್ಲಿನ ಒಂದು ಆಸ್ಪತ್ರೆಯವರು ಒಪ್ಪಿ ಕಾಗದವನ್ನೂ ಬರೆದಿದ್ದರು. ಆರು ತಿಂಗಳೊಳಗೆ ಪಾಸ್‌ಪೋರ್ಟು, ವೀಸಾ ಎಲ್ಲ ಕೈಗೆ ಬಂದಿರಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರ ಪಾಲು. ಪಾಸ್‌ಪೋರ್ಟ್ ಬರಬೇಕಾದರೆ ಮೊದಲು ಪೊಲೀಸರು ಊರಿಗೆ ಹೋಗಿ ಇವಳು ಎಂಥವಳು ಅಂತ ವಿಚಾರಿಸಬೇಕು. ಆ ಕೆಲಸ ನನ್ನ ತಲೆಗೆ ಬಂತು.

ಒಂದು: ಕಟ್ಟಿನ ಜೊತೆ ಬಂದ ಫೋಟೋ

ಸೈಕಲ್ ತುಳಿದುಕೊಂಡು ಹೋದೆ. ಊರ ಬಾಗಿಲಲ್ಲಿದ್ದ ಅಂಗಡಿಯವನನ್ನು ನರ್ಸಮ್ಮನ ಮನೆ ಯಾವುದು ಅಂತ ಕೇಳಿದೆ. ಆ ಹೆಸರಿನವರು ಈ ಊರಲ್ಲೇ ಇಲ್ಲ ಅಂದ. ಪಟೇಲರನ್ನು ಕೇಳಿದೆ. ಅವರು ಮುಖ ಮೇಲೆ ಮಾಡಿ ಮೋಡ ನೋಡುತ್ತ, ಪಕ್ಕದೂರಲ್ಲಿ ಇದ್ದರೂ ಇರಬಹುದು ಅಂದರು. ಶಾಲೆ ಮೇಷ್ಟ್ರು ತಾವು ಊರಿಗೆ ಹೊಸಬರು ಅಂದರು. ಆ ಹೊಸಬರು ಹನ್ನೊಂದು ವರ್ಷದಿಂದ ಅಲ್ಲೇ ಇದ್ದರು ಅಂತ ನನಗೆ ಆಮೇಲೆ ತಿಳಿಯಿತು.

ಕೊನೆಗೆ ಒಂದು ಮನೆಯ ಮುಂದೆ ನಿಂತಿದ್ದ ಎತ್ತಿನ ಗಾಡಿಯ ಮೇಲೆ ಅವಳ ಅಪ್ಪನ ಹೆಸರು ಬರೆದಿದ್ದು ಕಣ್ಣಿಗೆ ಬಿತ್ತು. ಒಳಗೆ ಹೋದೆ. ಯಜಮಾನರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಆ ಹೆಸರು ತಮ್ಮದೇ, ಗಾಡಿಯೂ ತಮ್ಮದೇ ಅಂತ ಒಪ್ಪಿಕೊಂಡರು. ಮಗಳು ಮಾತ್ರ ಇಲ್ಲವಂತೆ, ಹುಟ್ಟೇ ಇಲ್ಲವಂತೆ. ಅವರ ಬೆನ್ನ ಹಿಂದೆ ಗೋಡೆಯ ಮೇಲೆ, ಗಾಜಿನ ಕಟ್ಟಿನೊಳಗೆ, ಬಿಳಿ ಟೋಪಿ ಹಾಕಿಕೊಂಡ ನರ್ಸಮ್ಮನ ಫೋಟೋ ನಗುತ್ತಿತ್ತು. ಹಾಗಾದರೆ ಇದು ಯಾರು ಅಂದೆ.

ಯಜಮಾನರು ನಿಧಾನವಾಗಿ ತಿರುಗಿ, ಅದನ್ನು ಇವತ್ತೇ ಮೊದಲು ನೋಡಿದವರ ಹಾಗೆ ನೋಡಿದರು. "ಅದಾ ಸ್ವಾಮಿ? ಸಂತೇಲಿ ಕಟ್ಟು ತಕ್ಕೊಂಡಾಗ್ಲೇ ಅದರೊಳಗೆ ಇತ್ತು" ಅಂದರು.

ನನಗೂ ರೇಗಿಹೋಯಿತು. ಇಂಥವರಿಗೆ ಮಗಳಿಲ್ಲ ಅಂತ ಅವರೇ ಹೇಳಿಕೆ ಕೊಟ್ಟಿದ್ದಾರೆ ಅಂತ ಬರೆದು ಮೇಲಕ್ಕೆ ಕಳಿಸಿಬಿಟ್ಟೆ.

ಎರಡು: ಎರಡೇ ಮಾತು

ಒಂದೂವರೆ ತಿಂಗಳಾದ ಮೇಲೆ ನರ್ಸಮ್ಮ ಠಾಣೆಗೆ ಬಂದಳು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. "ದಫೇದಾರ್ರೇ, ನಾನು ಇದ್ದೀನೋ ಇಲ್ವೋ ನೀವೇ ಕಣ್ಣಲ್ಲಿ ನೋಡಿ ಬರೀರಿ" ಅಂದಳು. ನನಗೆ ನಾಚಿಕೆಯಾಯಿತು. ಪಾಪದ ಹುಡುಗಿಯ ಗಡುವಿನಲ್ಲಿ ಆಗಲೇ ಎರಡು ತಿಂಗಳು ಕಳೆದಿತ್ತು, ಅದರಲ್ಲಿ ನನ್ನ ಪಾಲೂ ಇತ್ತು. ನೀನು ಮೊದಲು ಊರಿಗೆ ಹೋಗಿ, ಪೊಲೀಸರು ಬರುವುದು ಹಿಡಿಯುವುದಕ್ಕಲ್ಲ, ಕಳಿಸುವುದಕ್ಕೆ ಅಂತ ಎಲ್ಲರಿಗೂ ತಿಳಿಸಿಬಾ, ಆಮೇಲೆ ನಾನು ಹೋಗುತ್ತೇನೆ ಅಂದೆ.

ಅವಳು ತಿಳಿಸಿದ್ದು ಜಾಸ್ತಿಯೇ ಆಯಿತು. ನಾನು ಹೋದ ದಿನ ಊರಿಗೆ ಊರೇ ಪಟೇಲರ ಜಗಲಿಯಲ್ಲಿ ಸೇರಿತ್ತು. ಆ ಮಗು ಹುಟ್ಟಿದಾಗಿನಿಂದ ಒಂದು ಸುಳ್ಳು ಆಡಿಲ್ಲ ಅಂತ ಅಂಗಡಿಯವನು ಶುರು ಮಾಡಿದ. ಅವಳು ಹುಟ್ಟಿದ ವರ್ಷದಿಂದಲೇ ಕೆರೆ ಬತ್ತಿಲ್ಲ ಅಂದರು ಪಟೇಲರು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದಳು, ಒಂದೆರಡು ಸಲ ಇನ್ನೂ ಜಾಸ್ತಿ ಬಂದಿದ್ದುಂಟು ಅಂದರು ಮೇಷ್ಟ್ರು. ಮಗಳೇ ಇಲ್ಲ ಅಂದಿದ್ದ ಯಜಮಾನರು ಅದೇ ಫೋಟೋವನ್ನು ಗೋಡೆಯಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ಎಲ್ಲ ಕೇಳಿ, ನಮ್ಮ ಪದ್ಧತಿಯಂತೆ "ನಡತೆ ಒಳ್ಳೆಯದು" ಅಂತ ಬರೆದು ಪುಸ್ತಕ ಮುಚ್ಚಿದೆ. ಪಟೇಲರು ಅದನ್ನು ತೆಗೆಸಿ ಓದಿಸಿಕೊಂಡು ಮುಖ ಗಂಟು ಹಾಕಿದರು. "ಬೆಳಿಗ್ಗಿಂದ ಊರೆಲ್ಲ ಗಂಟಲು ಹರ್ಕೊಂಡಿದ್ದಕ್ಕೆ ಎರಡೇ ಮಾತಾ ದಫೇದಾರ್ರೇ?" ಅಂದರು. ಕೆರೆ ಬತ್ತದ ಸಂಗತಿಯನ್ನೂ ಸೇರಿಸುವ ತನಕ ನನಗೆ ಸೈಕಲ್ ಕೊಡಲಿಲ್ಲ.

ಮೂರು: ಕಂಬಳಿ ತಂದ ಆಸಾಮಿ

ಪಾಸ್‌ಪೋರ್ಟ್ ಬಂತು. ಅದಾದ ಸ್ವಲ್ಪ ದಿನಕ್ಕೆ ಅದೇ ಹಳ್ಳಿಗೆ ಬೇರೆ ಕೆಲಸದ ಮೇಲೆ ಹೋಗಬೇಕಾಯಿತು. ಕಾಡಿನಲ್ಲಿ ಗಂಧದ ಮರ ಕಡಿದವನೊಬ್ಬ ಅಲ್ಲಿಯವನು ಅಂತ ಸುಳಿವು ಸಿಕ್ಕಿತ್ತು. ಆಸಾಮಿ ಎಂಥವನು ಅಂತ ನಾನು ಬಾಯಿ ಬಿಡುವಷ್ಟರಲ್ಲಿ ಜಗಲಿ ತುಂಬಿತು.

ಅವನಂಥ ಕಷ್ಟಜೀವಿ ಸುತ್ತಮುತ್ತ ಎಲ್ಲೂ ಇಲ್ಲ ಅಂದರು ಪಟೇಲರು. ಕೋಳಿ ಕೂಗುವ ಮೊದಲೇ ಕಾಡಿಗೆ ಹೋಗುತ್ತಾನೆ, ಬೆನ್ನ ಮೇಲೆ ಹೊರೆ ಇಲ್ಲದೆ ಒಂದು ದಿನವೂ ವಾಪಸ್ ಬಂದವನಲ್ಲ ಅಂದರು. ಕೊಡಲಿ ಹಿಡಿದರೆ ಎಂಥ ಮರವಾದರೂ ಸದ್ದಿಲ್ಲದೆ ಮಲಗಬೇಕು ಅಂತ ಅಂಗಡಿಯವನು ಹೊಗಳಿದ. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಈ ಸಲ ಎರಡು ಮಾತಿಗೆ ಮುಗಿಸಲಿಲ್ಲ, ಎರಡು ಪುಟ ಆಯಿತು.

ಅಷ್ಟರಲ್ಲಿ ಆಸಾಮಿಯೇ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದ. ಕಂಕುಳಲ್ಲಿ ಕಂಬಳಿ. "ಆ ದೇಸ್ದಲ್ಲಿ ಬಲೇ ಚಳಿಯಂತೆ ಕಣ್ ಸ್ವಾಮಿ, ಒಂದೇ ಸಾಕಾ?" ಅಂದ. ಸಾಕು ಬಾ ಅಂದೆ. ನನ್ನ ಸರ್ವೀಸಿನಲ್ಲಿ ಊರವರಿಗೆಲ್ಲ ಕೈ ಮುಗಿದು, ನಗುನಗುತ್ತಾ ಸೈಕಲ್ ಕ್ಯಾರಿಯರ್ ಹತ್ತಿದ ಆರೋಪಿ ಅವನೊಬ್ಬನೇ.

ನಾಲ್ಕು: ಅಜ್ಜಿಯ ದೂರು

ವೀಸಾ ಕೊಡುವ ಮೊದಲು ಕೆನಡಾದವರು ಇನ್ನೊಂದು ಸರ್ಟಿಫಿಕೇಟ್ ಕೇಳಿದರು. ಇವಳ ಮೇಲೆ ಯಾವ ಕೇಸೂ ಇಲ್ಲ ಅಂತ ಪೊಲೀಸರು ಬರೆದುಕೊಡಬೇಕು. ಗಡುವಿಗೆ ಹನ್ನೆರಡು ದಿನ ಉಳಿದಿತ್ತು. ಮತ್ತೆ ಹೋದೆ. ನರ್ಸಮ್ಮನೂ ರಜಾ ಹಾಕಿ ಬಂದಿದ್ದಳು. ಊರವರು ಅವಳನ್ನು ಹೊಗಳಿ ಮುಗಿಸಿದರು. ನಾನು ಸಹಿ ಹಾಕಬೇಕು ಅನ್ನುವಾಗ ಮೂಲೆಯಲ್ಲಿ ಕೂತಿದ್ದ ಅವಳ ಅಜ್ಜಿ ನನ್ನನ್ನು ಹತ್ತಿರ ಕರೆಯಿತು. ತಾಯಿ ಸತ್ತ ಮೇಲೆ ಈ ಹುಡುಗಿಯನ್ನು ಸಾಕಿದ ಮುದುಕಿ.

"ಅವಳ ಮ್ಯಾಲೆ ಒಂದು ಕೇಸ್ ಬರಕೊ" ಅಂದಿತು.

ಏನು ಕೇಸ್ ಅಂದೆ. ಕಳ್ಳತನ ಅಂದಿತು. ಮಡಕೆಯಲ್ಲಿಟ್ಟ ಬೆಲ್ಲ ಕದ್ದಿದ್ದಾಳಂತೆ. ಯಾವಾಗ ಅಂದರೆ ಅವಳಿಗೆ ಆರು ವರ್ಷವಾಗಿದ್ದಾಗ. ಅದು ಸಾಲದಿದ್ದರೆ ಹಲ್ಲೆಯೂ ಇದೆಯಂತೆ. ಕಿವಿ ಚುಚ್ಚಿಸುವಾಗ ಹಿಡಿದುಕೊಂಡಿದ್ದ ತನ್ನ ಕೈಯನ್ನೇ ಕಚ್ಚಿದ್ದಳಂತೆ. ಗುರುತು ಇದೆ ಅಂತ ಸೆರಗು ಸರಿಸಿ ತೋರಿಸಿತು. ಯಜಮಾನರು ಸುಮ್ಕಿರವ್ವ ಅಂತ ಗದರಿದರು. ಮುದುಕಿ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಏನೋ ನಾಕು ತಿಂಗಳು ಓಯ್ತಾಳೆ, ಬತ್ತಾಳೆ ಅನ್ಕಂಡಿದ್ದೆ ಕಣಪ್ಪ. ಈಗ ನೋಡುದ್ರೆ ಅಲ್ಲೇ ಇದ್ಬುಡ್ತಾಳಂತೆ. ಕೇಸ್ ಇದ್ರೆ ಕಳ್ಸಾಕಿಲ್ಲ ಅಂದ್ರಲ್ಲ, ಬರಕೊ."

ನರ್ಸಮ್ಮ ಬಂದು ಅಜ್ಜಿಯ ಮಡಿಲಲ್ಲಿ ತಲೆ ಇಟ್ಟು, ಅಜ್ಜಿ ಬೇಡ ಅಂದರೆ ನಾನು ಹೋಗಲ್ಲ, ನೀವು ಎದ್ದುಬಿಡಿ ದಫೇದಾರ್ರೇ ಅಂದಳು. ಮುದುಕಿ ಮೊಮ್ಮಗಳ ತಲೆ ಸವರಿತು. ಆಮೇಲೆ ನನ್ನನ್ನು, ಅಲ್ಲಿಗೆ ಹೋದ ಮೇಲೆ ಕದ್ದರೆ ಏನು ಮಾಡುತ್ತಾರೆ ಅಂತ ಕೇಳಿತು. ನಾನೇನು ಕೆನಡಾ ಕಂಡವನೇ? ತಿಳಿದಷ್ಟು ಹೇಳಿದೆ. ಬೇರೆ ದೇಶದವರು ಅಲ್ಲಿ ಕಳ್ಳತನ ಮಾಡಿದರೆ ಇಟ್ಟುಕೊಳ್ಳುವುದಿಲ್ಲ, ವಿಮಾನ ಹತ್ತಿಸಿ ಅವರವರ ಊರಿಗೆ ಕಳಿಸುತ್ತಾರಂತೆ ಅಂದೆ.

"ದಿಟ್ವಾ?"

"ದಿಟ ಕಣಜ್ಜಿ."

ಮುದುಕಿಯ ಮುಖ ಸಡಿಲವಾಯಿತು. "ಅಂಗಾರೆ ಒಳ್ಳೇವ್ಳು ಅಂತ್ಲೇ ಬರಕೊ" ಅಂದಿತು. ಬರೆದೆ.

ವೀಸಾ ಗಡುವಿಗೆ ಎರಡು ದಿನ ಇರುವಾಗ ಬಂತು. ನರ್ಸಮ್ಮ ಹೊರಟ ದಿನ ಊರೆಲ್ಲ ಸರಗೂರಿನ ಬಸ್ ಸ್ಟ್ಯಾಂಡಿಗೆ ಬಂದಿತ್ತು, ನನಗೂ ಅವತ್ತು ಅಲ್ಲೇ ಡ್ಯೂಟಿ. ಅಪ್ಪ, ಪಟೇಲರು, ಮೇಷ್ಟ್ರು ಎಲ್ಲರೂ ಬುದ್ಧಿಮಾತು ಹೇಳಿದರು. ನರ್ಸಮ್ಮ ಬಸ್ ಹತ್ತಿ ಕಿಟಕಿ ಪಕ್ಕ ಕೂತಳು. ಜನವೋ ಜನ, ಬಸ್ಸಿನ ಒಳಗೆಲ್ಲ ಒತ್ತಾಟ. ಅಜ್ಜಿ ಎಲ್ಲರನ್ನೂ ಸರಿಸಿಕೊಂಡು ಕಿಟಕಿಯ ಹತ್ತಿರ ಬಂದು ಮೊಮ್ಮಗಳ ಕೈ ಹಿಡಿದುಕೊಂಡಿತು. ಕಿವಿ ಮಂದವಾದವರ ಗಟ್ಟಿ ದನಿಯಲ್ಲಿ ಹೇಳಿತು:

"ಅಲ್ಲಿ ಸರಿ ಬರ್ನಿಲ್ಲ ಅಂದ್ರೆ ಒದ್ದಾಡ್ಕೊಂಡು ಇರಬ್ಯಾಡ ಕೂಸೆ. ಏನಾರ ಒಂದು ಸಣ್ಣದು ಕದ್ಬುಡು. ಇಮಾನದಲ್ಲಿ ತಂದು ಬುಡ್ತಾರೆ. ಈ ದಫೇದಾರ್ರನ್ನ ಕೇಳಿವ್ನಿ."

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದದೆ ನಿಂತ. ನರ್ಸಮ್ಮ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು, ಅಜ್ಜಿಯೂ ನೋಡುತ್ತಿತ್ತು. ನಾನು ಟೋಪಿ ಸರಿಮಾಡಿಕೊಂಡು, ಹೌದು ಅಂತ ತಲೆ ಆಡಿಸಿದೆ.