ಮಂದಿ ಬಂದರಷ್ಟೇ ಬರುವ ವಾಸನೆ

ಕೆಲವರ ಮನೆಗೆ ನೆಂಟರ ಕಾಟ, ಕೆಲವರ ಮನೆಗೆ ಇರುವೆಯ ಕಾಟ. ನಮ್ಮ ಮನೆಗೆ ವಾಸನೆಯ ಕಾಟ. ನಮ್ಮವರದು ವರ್ಗಾವಣೆಯ ನೌಕರಿ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಅಂತ ಗಂಟುಮೂಟೆ ಕಟ್ಟಿಕೊಂಡು ತಿರುಗಿದ್ದೇ ತಿರುಗಿದ್ದು. ಊರು ಬದಲಾಯಿತು, ಮನೆ ಬದಲಾಯಿತು, ವಾಸನೆ ಮಾತ್ರ ಎಲ್ಲೇ ಹೋದರೂ ನಮಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ನಾಲ್ಕು ದಿನ ಮೂಗು ಮುಚ್ಚಿಕೊಂಡು ಕಳೆಯಬಹುದಿತ್ತು ಅನ್ನಿ. ಆದರೆ ಮನೆಯಲ್ಲಿ ಮದುವೆಯಾಗಬೇಕಾದ ನಾದಿನಿ ಇದ್ದಳು. ನೋಡಲು ಬಂದವರು ಮೂಗು ಮುಚ್ಚಿಕೊಂಡರೆ ಹುಡುಗಿಯ ಗತಿ ಏನು ಅಂತ ಅತ್ತೆಗೆ ಊಟ ಸೇರುತ್ತಿರಲಿಲ್ಲ.

೧. ಮಾತಾಡಿಸಲು ಬಂದವರು

ರಾಣೆಬೆನ್ನೂರಿನ ಬಾಡಿಗೆ ಮನೆ. ಐರಣಿ ಕಡೆಯ ಗಂಡಿನವರು ನಾಳೆ ಬರುತ್ತಾರೆ ಅನ್ನುವಾಗ ಪಡಸಾಲೆಯಲ್ಲಿ ಏನೋ ಕೊಳೆತ ನಾತ. ಇಲಿ ಸತ್ತಿರಬೇಕು ಅಂತ ಅಟ್ಟ, ಕಾಳಿನ ಡಬ್ಬಿ, ಮಂಚದ ಕೆಳಗೆ ಎಲ್ಲ ಜಾಲಾಡಿದೆವು. ಇಲಿಯೂ ಇಲ್ಲ, ಇಲಿಯ ಬಾಲವೂ ಇಲ್ಲ.

"ಹುಡುಕೂದು ಸಾಕು. ಇನ್ನ ಅದನ್ನ ಮುಚ್ಚಿಬಿಡೂಣು" ಅಂದರು ನಮ್ಮವರು.

ಫಿನಾಯಿಲ್ ಸುರಿದು ನೆಲ ತೊಳೆದರು. ಮೂಲೆ ಮೂಲೆಗೆ ಡಾಂಬರ್ ಗುಳಿಗೆ ಇಟ್ಟರು. ಅದರ ಮೇಲೆ ಲೋಬಾನದ ಹೊಗೆ, ಹೊಗೆಯ ಮೇಲೆ ಒಂದು ಕಟ್ಟು ಊದಿನಕಡ್ಡಿ. ಗಂಡಿನವರು ಬರುವ ಹೊತ್ತಿಗೆ ನಮ್ಮೆಲ್ಲರ ಕಣ್ಣು ಕೆಂಡದ ಹಾಗೆ ಕೆಂಪಾಗಿ ನೀರು ಸುರಿಯುತ್ತಿತ್ತು. ಅತ್ತೆಯಂತೂ ಹೊಗೆ ತಾಳಲಾರದೆ ಒಳಕೋಣೆಯಲ್ಲಿ ಮುಸುಕು ಎಳೆದುಕೊಂಡು ಮಲಗಿಬಿಟ್ಟಿದ್ದರು.

ಬಂದವರು ಬಾಗಿಲಲ್ಲೇ ನಿಂತರು. ತೊಳೆದ ನೆಲ ನೋಡಿದರು, ಹೊಗೆ ನೋಡಿದರು, ಒಳಗೆ ಮುಸುಕೆಳೆದು ಮಲಗಿದ್ದ ಅತ್ತೆಯನ್ನು ನೋಡಿದರು, ಕಣ್ಣೊರೆಸಿಕೊಳ್ಳುತ್ತಿದ್ದ ನಮ್ಮನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕೂಡ ಮುಟ್ಟದೆ, "ಇನ್ನೊಮ್ಮಿ ಬರ್ತೇವ್ರಿ, ಧೈರ್ಯಾ ತಗೋರಿ" ಅಂತ ಕೈಮುಗಿದು ಹೊರಟರು. ಹುಡುಗಿ ನೋಡಲು ಬಂದವರು ಧೈರ್ಯ ಯಾಕೆ ಹೇಳಿದರು ಅಂತ ನಮಗೆ ತಲೆಬುಡ ತಿಳಿಯಲಿಲ್ಲ.

ನಾತ ದೇವರ ಜಗಲಿಯ ಮೇಲಿನ ಕಳಸದ ಕಾಯಿಯದು ಅಂತ ಮರುದಿನ ಗೊತ್ತಾಯಿತು. ಒಳಗೊಳಗೇ ಕೊಳೆತಿತ್ತು. ದೇವರ ಮೇಲೆ ಯಾರಿಗೆ ಸಂಶಯ ಬಂದೀತು?

ಆ ಗಂಡಿನವರು ತಿರುಗಿ ಬರಲಿಲ್ಲ. ಅವರ ಊರಿನ ಇಬ್ಬರು ಹಿರಿಯರು ಮಾತ್ರ ಬಂದರು. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಸಮಾಧಾನ ಹೇಳುವುದಕ್ಕೆ 'ಮಾತಾಡಿಸಿ ಬರುವುದು' ಅನ್ನುತ್ತೇವೆ. ಬಾಗಿಲು ತೆಗೆದದ್ದು ಅತ್ತೆ. ಹಿರಿಯರು ರುಮಾಲು ಸರಿಮಾಡಿಕೊಂಡು ಅಂದರು, "ಈ ಮನಿ ಹಿರಿ ಹೆಣ್ಮಗಳು ತೀರಿಕೊಂಡ್ರಂತ. ಮಾತಾಡ್ಸಿ ಹೋಗೂಣಂತ ಬಂದೇವ್ರಿ."

ಅತ್ತೆ ಬಾಗಿಲು ಪೂರ್ತಿ ತೆರೆದು ಅಂದರು, "ಆ ಹಿರಿ ಹೆಣ್ಮಗಳು ನಾನ ರೀ. ಒಳಗ ಬರ್ರಿ, ಚಾ ಕುಡದು ಮಾತಾಡ್ಸಿ ಹೋಗ್ರಿ."

೨. ಕೆಮ್ಮಿದವನ ಕಣ್ಣು

ಬ್ಯಾಡಗಿಗೆ ಹೋದದ್ದು ಮೆಣಸಿನಕಾಯಿಯ ಸುಗ್ಗಿಯಲ್ಲಿ. ಊರಿಗೆ ಊರೇ ಕೆಂಪು, ಗಾಳಿಯೂ ಕೆಂಪು. ಬಸ್ಸಿನಿಂದ ಇಳಿದವರು ಸೀನುತ್ತಲೇ ಇಳಿಯುತ್ತಿದ್ದರು. ನಮಗೆ ಸ್ವಲ್ಪ ದಿನಕ್ಕೆ ರೂಢಿಯಾಯಿತು. ಆದರೆ ಆ ಖಾರದ ವಾಸನೆಯ ನಡುವೆಯೂ ಮನೆಯ ಹಿಂದಿನಿಂದ ಬೇರೆ ಒಂದು ನಾತ ಹೊಡೆಯುತ್ತಿತ್ತು. ಮನೆಯ ಮಾಲೀಕರದು ಮೆಣಸಿನಕಾಯಿ ದಲಾಲಿ. ಅವರನ್ನು ಕೇಳಿದರೆ, "ಬ್ಯಾಡಗಿಯೊಳಗ ಬ್ಯಾರೆ ವಾಸನಿಗೆ ಜಾಗಾ ಎಲ್ಲೈತ್ರಿ ವೈನಿ?" ಅಂತ ನಕ್ಕರು.

ಎದುರು ಮನೆಯ ಅಜ್ಜಿ ಮಾತ್ರ ನಗಲಿಲ್ಲ. "ಮದವಿ ಹುಡುಗಿ ಇರೂ ಮನಿ. ಯಾರದೋ ದೃಷ್ಟಿ ತಾಗೇತಿ" ಅಂದಳು. ಪರೀಕ್ಷೆಯೂ ಅವಳಿಗೆ ಗೊತ್ತಿತ್ತು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕುವುದು. ಘಾಟು ಬಂದು ಕೆಮ್ಮಿದರೆ ದೃಷ್ಟಿ ಇಲ್ಲ. ಘಾಟು ಬರದಿದ್ದರೆ ದೃಷ್ಟಿ ಖರೇ.

ಹಾಕಿದೆವು. ಯಾರೂ ಕೆಮ್ಮಲಿಲ್ಲ. ಇನ್ನೊಂದು ಹಿಡಿ ಹಾಕಿದೆವು. ಅಜ್ಜಿ ಆರಾಮಾಗಿ ಎಲೆಅಡಿಕೆ ಮೆಲ್ಲುತ್ತಾ, "ಘನಾ ದೃಷ್ಟಿ ಐತಿ ಯವ್ವಾ!" ಅಂದಳು. ಅತ್ತೆ ಗಾಬರಿಯಾಗಿ ಬುಟ್ಟಿಯನ್ನೇ ಸುರಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಲೋಕಕ್ಕೆಲ್ಲ ಗೊತ್ತು. ಅದರ ಮೇಲೆ ನಮ್ಮ ಮೂಗುಗಳು ಸುಗ್ಗಿಯಲ್ಲಿ ಎಂದೋ ಸತ್ತಿದ್ದವು. ಆ ಹೊತ್ತಿಗೆ ಮಾತ್ರ ಅದು ಯಾರಿಗೂ ಹೊಳೆಯಲಿಲ್ಲ.

ಸರಿಯಾಗಿ ಆಗಲೇ ಹುಬ್ಬಳ್ಳಿಯಿಂದ ನನ್ನ ತಮ್ಮ ರೊಟ್ಟಿಯ ಗಂಟು ಹಿಡಿದು ಒಳಗೆ ಕಾಲಿಟ್ಟ. ಇಟ್ಟವನೇ ಕೆಮ್ಮಿದ ನೋಡಿ, ಗಂಟು ಒಂದು ಕಡೆ, ಅವನು ಒಂದು ಕಡೆ. ಅಜ್ಜಿ ಎದ್ದು ನಿಂತು ಬೆರಳು ತೋರಿಸಿದಳು. "ಸಿಕ್ಕ! ಮನಿಮಂದಿಗೆ ಹತ್ತಲಾರದ ಘಾಟು ಇವಂಗೊಬ್ಬಂಗ ಹತ್ತೇತಿ. ಕಣ್ಣ ಹಾಕಿದಾಂವ ಇವನ!"

ತಮ್ಮ ಗೋಡೆ ತಡವುತ್ತ ಹೊರಬಾಗಿಲು ಹುಡುಕುತ್ತಿದ್ದ. "ಅಕ್ಕಾ, ಕಣ್ಣ ಹಾಕೂದು ಹ್ವಾದಂಗ ಹೋಗ್ಲಿ, ಮೊದಲ ಕಣ್ಣ ತೆರಿಯಾಕರ ಬರಬೇಕಲ್ಲ!"

ಹಿಂದಿನ ಬಚ್ಚಲನ್ನು ನಾವು ಬಳಸುತ್ತಿರಲಿಲ್ಲ. ಅದರ ಮೋರಿಯಲ್ಲಿ ನಾತ ತಡೆಯುವ ನೀರು ಒಣಗಿ ಗಟಾರದ ನಾತ ಮೇಲೆ ಬರುತ್ತಿತ್ತು. ತಮ್ಮ ಮುಖ ತೊಳೆಯಲು ಅಲ್ಲಿ ಕೊಡಗಟ್ಟಲೆ ನೀರು ಸುರಿದುಕೊಂಡ, ನಾತ ನಿಂತಿತು. ದೃಷ್ಟಿ ಹಾಕಿದವನೇ ತೊಳೆದುಕೊಂಡ ಅಂತ ಅಜ್ಜಿ ಓಣಿಗೆಲ್ಲ ಹೇಳಿಕೊಂಡು ಬಂದಳು.

೩. ಗುರುತು ಹಿಡಿಯುವ ವಾಸನೆ

ಹಾವೇರಿಯಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಹೊಸ ಗೋಡೆ, ಹೊಸ ಮೋರಿ, ಇನ್ನೆಲ್ಲಿಯ ವಾಸನೆ ಅಂತ ನಾನು ನಿಶ್ಚಿಂತೆಯಾಗಿದ್ದೆ. ಗೃಹಪ್ರವೇಶವಾಗಿ ಸ್ವಲ್ಪ ದಿನಕ್ಕೆ ಅಗಡಿಯಿಂದ ಅತ್ತೆಯ ಅಣ್ಣ ಬಂದರು. ದೊಡ್ಡವರು ಬಂದರೆ ಕಂಬಳಿ ಹಾಸಿ ಕೂರಿಸುವುದು ನಮ್ಮಲ್ಲಿ ರೂಢಿ. ಅತ್ತೆ ಟ್ರಂಕಿನಿಂದ ಕರಿ ಕಂಬಳಿ ತೆಗೆದು ಪಡಸಾಲೆಯಲ್ಲಿ ಹಾಸಿದರು. ಅವರು ಕೂತು ನಾಲ್ಕು ಮಾತಾಡುವುದರೊಳಗೆ ಮೂಗು ಏರಿಸಿದರು. "ತಂಗೀ, ಏನೋ ಹುಳಿನಾತ ಬರಾಕತ್ತೇತೆಲ್ಲ?"

ನಾವೂ ಮೂಸಿದೆವು. ಹೌದು!

ಮನೆ ಕಟ್ಟಿದ ಗೌಂಡಿಯನ್ನು ಕರೆಸಿದೆವು. "ಮನಿ ಕಟ್ಟಿದಾಂವನ್ನ ಬರೀ ನೆಲದ ಮ್ಯಾಲೆ ಕುಂದರ್ಸಬಾರದು" ಅಂತ ಅತ್ತೆ ಅವನಿಗೂ ಕಂಬಳಿ ಹಾಸಿದರು. ಅವನು ಕೂತು, ಬಗ್ಗಿ ಮೂಸಿ, "ಇಲ್ಲೇ ಐತ್ರಿ, ನನ್ನ ಬುಡಕ್ಕ" ಅಂದ. ನೆಲದ ಎರಡು ಫರಸಿ ಕಲ್ಲು ಕಿತ್ತು ನೋಡಿದರೆ ಉಸುಕು ಬಿಟ್ಟು ಏನೂ ಇಲ್ಲ. ನಳದವನು ಬಂದ. ಅಡುಗೆಮನೆಯಲ್ಲಿ ಕೂರಿಸಿದೆವು. ಅವನೂ "ಇಲ್ಲೇ" ಅಂದ, ಅಲ್ಲೂ ಕಿತ್ತೆವು. ಕೊನೆಗೆ ಪೂಜೆಯ ಅಯ್ಯನವರು ಬಂದರು. ದೇವರ ಕೋಣೆಯ ಮುಂದೆ ಕೂತು ಕಣ್ಣು ಮುಚ್ಚಿ, "ಇಲ್ಲೇ" ಅಂದರು. ಹೊಸ ಮನೆಯ ತುಂಬ ಗುಂಡಿ. ವಿಚಿತ್ರವೆಂದರೆ, ಬಂದವರು ಎದ್ದು ಹೋಗಿ, ಅತ್ತೆ ಕಂಬಳಿ ಮಡಚಿ ಟ್ರಂಕಿಗೆ ಹಾಕಿ ಬರುವಷ್ಟರಲ್ಲಿ ವಾಸನೆಯೂ ಹೋಗಿರುತ್ತಿತ್ತು!

"ಮಂದಿ ಬಂದ್ರ ಬರತೈತಿ, ಹ್ವಾದ್ರ ಹೋಗತೈತಿ. ಹಿಂಗೂ ಇರತೈತೇನ್ರಿ ಅಜ್ಜಾರ?" ಅಂತ ನಾನು ಕೇಳಿದೆ.

ಅಯ್ಯನವರು ಗುಂಡಿಗಳ ಮೇಲೆ ಕಣ್ಣಾಡಿಸಿ ಅಂದರು, "ಇದು ಮಂದಿ ಗುರುತು ಹಿಡಿಯೂ ವಾಸನಿ ಯವ್ವಾ."

ಇಷ್ಟರಲ್ಲಿ ಹಾವೇರಿಯದೇ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗ ಸಾಲೆ ಮಾಸ್ತರ. ನಾದಿನಿಗೆ ದೂರದಿಂದ ನೋಡಿಯೇ ಒಪ್ಪಿಗೆಯಾಗಿತ್ತು. ಅವರು ನೋಡಲು ಬರುವ ಹಿಂದಿನ ದಿನ ನನ್ನ ಹತ್ತಿರ ಬಂದು ಕೂತು ಅತ್ತುಬಿಟ್ಟಳು. "ವೈನಿ, ಅವರು ನನ್ನ ನೋಡಾಕ ಬರ್ತಾರೋ, ನಮ್ಮ ಮನಿ ವಾಸನಿ ನೋಡಾಕೋ? ಇದೂ ತಪ್ಪಿದ್ರ ನಾ ಇನ್ನ ಯಾರ ಮುಂದೂ ಕುಂದ್ರಂಗಿಲ್ಲ." ಗುಂಡಿಗಳ ಮೇಲೆ ಚಾಪೆ ಹಾಸಿ, ಮರುದಿನ ಬೆಳಗಿನಿಂದ ಮೂಲೆ ಮೂಲೆ ಮೂಸಿದೆ. ವಾಸನೆಯ ಸುಳಿವೇ ಇಲ್ಲ.

ಗಂಡಿನವರು ಬಂದರು. ಹುಡುಗ, ತಂದೆ, ತಾಯಿ, ಕಾಕಾ. ಅತ್ತೆ ಕಂಬಳಿ ಝಾಡಿಸಿ ಹಾಸಿದರು, ನಾಲ್ವರೂ ಸಾಲಾಗಿ ಕೂತರು. ನಾನು ಅವಲಕ್ಕಿಯ ತಾಟು ಹಿಡಿದು ಬಾಗಿಲಿಗೆ ಬಂದೆ. ಬಂತಲ್ಲ ವಾಸನೆ! ಆಗ ನನ್ನ ಕಣ್ಣು ಕಂಬಳಿಯ ಅಂಚಿನ ಮೇಲೆ ಬಿತ್ತು. ಅಲ್ಲಿ ಬೆಳ್ಳಗೆ ಗಟ್ಟಿಯಾದ ಕಲೆ. ಗೃಹಪ್ರವೇಶದ ದಿನ ಉಕ್ಕಿಸಿದ ಹಾಲು ಈ ಕಂಬಳಿಯ ಮೇಲೆಯೇ ಚೆಲ್ಲಿತ್ತು. ಒಗೆಯುತ್ತೇನೆ ಅಂದರೆ ಅತ್ತೆ, "ಕಂಬಳಿಗೆ ಮೈಲಿಗಿ ಇಲ್ಲ" ಅಂತ ಹಾಗೇ ಮಡಚಿ ಟ್ರಂಕಿಗೆ ತುಂಬಿದ್ದರು. ಯಾರಾದರೂ ಕೂತು ಬೆಚ್ಚಗೆ ಮಾಡಿದ ಕೂಡಲೇ ಅದು ಬಾಯಿ ಬಿಡುತ್ತಿತ್ತು.

ಗೊತ್ತಾಗಿ ಏನು ಮಾಡಲಿ? ಕೂತ ಬೀಗರನ್ನು ಏಳಿ ಅನ್ನುವುದುಂಟೇ? ತಾಟು ಹಿಡಿದವಳು ಹಿಡಿದೇ ನಿಂತೆ.

ಹುಡುಗನ ತಾಯಿ ಗಂಡನ ಪಾದದ ಕಡೆ ಕೆಂಗಣ್ಣು ಬಿಟ್ಟಳು. ಬೂಟು ಬಿಚ್ಚಿ ಬಂದವರಲ್ಲವೇ, ಅವರು ತಟ್ಟನೆ ಕಾಲು ಒಳಗೆಳೆದುಕೊಂಡರು. ಆಮೇಲೆ ಮೆಲ್ಲಗೆ, "ನೀರು ಎಲ್ಲೈತ್ರಿ? ಕಾಲ ತೊಳಕೊಂಡು ಬರ್ತೇನಿ" ಅಂತ ಹಿತ್ತಲಿಗೆ ಹೋಗಿ ಬಂದು ಕೂತರು. ವಾಸನೆ ಹಾಗೇ. ಈಗ ಎಲ್ಲರೂ ಕಾಕಾನನ್ನು ನೋಡಿದರು. ಕಾಕಾ ಎದ್ದು ಹೋದ. ಬಂದ ಮೇಲೆ ಹುಡುಗ ಎದ್ದು ಹೋದ. ತಂದೆ ಇನ್ನೊಮ್ಮೆ ಹೋದರು. ಅತ್ತೆ ನನ್ನ ಕಿವಿಯಲ್ಲಿ, "ಎಂಥಾ ಮಡಿವಂತ ಮಂದಿ ನೋಡು!" ಅಂತ ಹಿಗ್ಗಿದರು.

ನಾದಿನಿ ಬಂದು ಕೂತು, ಹೆಸರು ಹೇಳಿ, ತಲೆ ತಗ್ಗಿಸಿದಳು. ಹುಡುಗನ ತಾಯಿ ಎದ್ದು ಬಂದವಳೇ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು.

"ಅಕ್ಕಾರ, ಹುಡುಗಿ ನಮಗ ಪಸಂದ ಬಂದಾಳ್ರಿ. ನಮ್ಮ ಮಂದಿ ಒಳಗ ಬಂದಾಗಿಂದ ಎಂಥಾ ನಾತ ಹೊಡ್ಯಾಕತ್ತೇತಿ ಅಂತ ನನಗ ಗೊತ್ತೈತಿ. ನಿಮ್ಮ ಮನ್ಯಾಗ ಒಬ್ಬರೂ ಮೂಗ ಮುಚ್ಚಲಿಲ್ಲ, ಒಂದ ಮಾತ ಆಡಲಿಲ್ಲ. ಇಂಥಾ ದೊಡ್ಡ ಮನಸಿನ ಮನಿತನ ನಮಗ ಎಲ್ಲಿ ಸಿಗಬೇಕ್ರಿ?"

ಮದುವೆಯಾಯಿತು. ನಾದಿನಿ ಸುಖವಾಗಿದ್ದಾಳೆ. ಬೀಗರು ಇವತ್ತಿಗೂ ನಮ್ಮ ಮನೆಗೆ ಬಂದರೆ ಮೊದಲು ಸಾಲಾಗಿ ಹಿತ್ತಲಿಗೆ ಹೋಗಿ, ಕಾಲು ಉಜ್ಜಿ ಉಜ್ಜಿ ತೊಳೆದುಕೊಂಡು, "ಈಗ ಏನೂ ಇಲ್ಲಲ್ರಿ?" ಅಂತ ಕೇಳಿಯೇ ಒಳಗೆ ಬರುತ್ತಾರೆ. ಅತ್ತೆ ದೊಡ್ಡ ಮನಸ್ಸಿನಿಂದ, "ಅಷ್ಟೇನೂ ಇಲ್ಲ, ಬರ್ರಿ" ಅನ್ನುತ್ತಾರೆ.