ಗೆದ್ದಲು ಮೇಷ್ಟ್ರ ಒಂದೇ ಪಾಠ

ಶುಕ್ರವಾರ ಮಗಳ ಶಾಲೆಯಲ್ಲಿ ತಾನು ಮಾಡುವ ಪಾಠ ಕೇಳಿದ ಮೇಲೆ ಇನ್ನೊಬ್ಬ ಅಪ್ಪ ಅಲ್ಲಿ ಬಾಯಿ ಬಿಡಬಾರದು ಎಂದು ಅವನು ಊಟದ ತಟ್ಟೆಯ ಮುಂದೆ ಘೋಷಿಸಿದ. ಹೇಳಿದ ಮಾತು ಅಕ್ಷರಶಃ ನಿಜವಾಯಿತು. ಅವನ ನಂತರ ಆ ಶಾಲೆಯವರು ಯಾವ ಅಪ್ಪನನ್ನೂ ಪಾಠಕ್ಕೆ ಕರೆಯಲಿಲ್ಲ!

ಅಲ್ಲಿನ ಪುಟಾಣಿಗಳಿಗೆ ಶುಕ್ರವಾರದ ಪಾಠ ನಡೆಯುವುದು ಹಿತ್ತಲಿನಲ್ಲಿ. ಪುಸ್ತಕವಿಲ್ಲ, ಬೆಂಚಿಲ್ಲ. ಮಣ್ಣು ಮುಟ್ಟಬೇಕು, ಕಲ್ಲು ಎತ್ತಬೇಕು, ಕೆಳಗಿರುವ ಜೀವವನ್ನು ನೋಡಿ ಮತ್ತೆ ಮೆತ್ತಗೆ ಮುಚ್ಚಬೇಕು. ವಾರಕ್ಕೊಬ್ಬರಂತೆ ಅಪ್ಪನೋ ಅಮ್ಮನೋ ಬಂದು ಏನಾದರೂ ಕಲಿಸಬೇಕು. ಹಿಂದಿನ ವಾರ ಬಂದಿದ್ದ ಹಲ್ಲಿನ ಡಾಕ್ಟರು ಎಲೆಗಳ ಬಗ್ಗೆ ಮೊಬೈಲ್ ನೋಡಿಕೊಂಡು ಓದಿದ್ದರು. ಅಷ್ಟಕ್ಕೇ ಮಗಳು ಮನೆಗೆ ಬಂದು ಅವರನ್ನು ಹೊಗಳಿದ್ದೇ ಹೊಗಳಿದ್ದು. ಆರು ವರ್ಷದ ಆ ಹುಡುಗಿ ಅಪ್ಪನ ಬಗ್ಗೆ ಒಂದು ದಿನವೂ ಹಾಗೆ ಮಾತಾಡಿದವಳಲ್ಲ.

ಮಾತಾಡುವುದಾದರೂ ಏನು? ಹನ್ನೆರಡು ವರ್ಷಗಳಿಂದ ಮನೆಮನೆಗೆ ಹೋಗಿ ಗೆದ್ದಲು, ಜಿರಳೆಗಳಿಗೆ ಔಷಧಿ ಹೊಡೆಯುವುದು ಅವನ ಕಸುಬು. ಅಪ್ಪ ಮನೆಗಳನ್ನು ರಿಪೇರಿ ಮಾಡುತ್ತಾನೆ ಎಂದಷ್ಟೇ ಮಗಳಿಗೆ ಹೇಳಿಟ್ಟಿದ್ದರು. ಆದರೆ ಹುಳುಗಳ ವಿದ್ಯೆಯಲ್ಲಿ ತನಗೆ ಸರಿಸಾಟಿ ಯಾರೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅವು ಹೇಗೆ ಬದುಕ್ತವೆ ಅಂತ ಹೇಳಿ ಸಾಕು. ಆಮೇಲಿಂದು ಹೇಳೋಕೆ ಹೋಗಬೇಡಿ," ಎಂದಳು.

ಶುಕ್ರವಾರ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿತ್ತಲಿಗೆ ಇಳಿದವನು ಮೊದಲ ಹತ್ತು ನಿಮಿಷ ಮಹಾಪಂಡಿತನೇ ಆಗಿದ್ದ. ಇರುವೆ ಸಾಲು ಯಾಕೆ ಬಳುಕುತ್ತದೆ, ಜಿರಳೆ ಮೊಟ್ಟೆಯ ಚೀಲವನ್ನು ಎಲ್ಲಿ ಅಂಟಿಸುತ್ತದೆ, ಎಲ್ಲವನ್ನೂ ಮಂಡಿಯೂರಿ ತೋರಿಸಿದ. ಇಪ್ಪತ್ತೆರಡು ಮಕ್ಕಳು ಬಾಯಿ ತೆರೆದುಕೊಂಡು ಕೂತವು. ಮಗಳು ಪಕ್ಕದವಳಿಗೆ, "ನಮ್ಮಪ್ಪ," ಎಂದಳು. ಅದು ಅವನ ಕಿವಿಗೆ ಬಿತ್ತು. ಹಲ್ಲಿನ ಡಾಕ್ಟರು ಅಲ್ಲಿಗೆ ಮಣ್ಣುಪಾಲಾದರು.

ಕೊನೆಗೆ ಮಕ್ಕಳೇ ಅವನ ಕೈ ಹಿಡಿದು ಗೋಡೆಯ ಪಕ್ಕದ ಹಳೆಯ ದಿಮ್ಮಿಗೆ ಕರೆದೊಯ್ದರು. ಅದರ ತುಂಬ ಗೆದ್ದಲು. ಮೂರು ವಾರದಿಂದ ಅದನ್ನು ದಿನವೂ ನೋಡಿ, ಅದರ ಚಿತ್ರ ಬರೆಯುತ್ತಿದ್ದರಂತೆ. ಒಂದೊಂದು ಸಾಲಿಗೂ ಒಂದೊಂದು ಮಗು ಯಜಮಾನ. ಎಡಗಡೆಯ ಸಾಲು ಅವನ ಮಗಳದು.

ಆಗ ಟೀಚರಮ್ಮ ಕೇಳಬಾರದ್ದನ್ನು ಕೇಳಿದರು. "ಸರ್, ಇದು ಗೋಡೆಗೂ ಹತ್ತುತ್ತಾ?"

ಸರ್! ಹನ್ನೆರಡು ವರ್ಷಗಳಲ್ಲಿ ಯಾರೊಬ್ಬರೂ ಅವನನ್ನು ಹಾಗೆ ಕರೆದಿರಲಿಲ್ಲ. "ಏ ಔಷಧಿಯವನೇ" ಎಂಬುದಕ್ಕಷ್ಟೇ ಓಗೊಟ್ಟು ಗೊತ್ತಿದ್ದ ಜೀವ ಅದು. ಹಿಗ್ಗು ನೆತ್ತಿಗೇರಿತು. ಇಂಥವರಿಗೆ ಉಪಕಾರ ಮಾಡದಿದ್ದರೆ ಈ ಜನ್ಮ ಯಾಕೆ ಎಂದುಕೊಂಡು ಸ್ಕೂಟರಿನ ಕಡೆ ಓಡಿದ. ಡಿಕ್ಕಿಯಲ್ಲಿ ಪಂಪು ಸದಾ ತಯಾರಾಗಿಯೇ ಇರುತ್ತಿತ್ತು. ಮಕ್ಕಳನ್ನು ದೂರ ನಿಲ್ಲಿಸಿ, ಟೀಚರಮ್ಮ ಕೈ ಎತ್ತುವಷ್ಟರಲ್ಲಿ ದಿಮ್ಮಿಯನ್ನು ಈ ತುದಿಯಿಂದ ಆ ತುದಿಗೆ ತೋಯಿಸಿಬಿಟ್ಟ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಕಸುಬಿನ ಗುಣ ಅದಕ್ಕಿಂತ ಒಂದು ಕೈ ಮೇಲು.

"ಅಂಕಲ್, ಯಾಕೆ ಅವು ಹಾಗೆ ಓಡ್ತಿವೆ?" ಒಂದು ಮಗು ಕೇಳಿತು.

ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಉತ್ತರ ತಾನಾಗಿ ಹೊರಬಂತು. "ಐದು ನಿಮಿಷ, ಅಷ್ಟೇ. ಒಂದೂ ಉಳಿಯಲ್ಲ. ಒಂದು ವರ್ಷ ಗ್ಯಾರಂಟಿ."

ಮಕ್ಕಳು ಒಂದಾದ ಮೇಲೊಂದು ಅಳತೊಡಗಿದವು. ಮಗಳು ಅಳಲಿಲ್ಲ. ತನ್ನ ಸಾಲು ಪೂರ್ತಿ ನಿಲ್ಲುವವರೆಗೂ ದೂರದಿಂದಲೇ ನೋಡಿ, ಆಮೇಲೆ ಹೋಗಿ ಟೀಚರಮ್ಮನ ಕೈ ಹಿಡಿದುಕೊಂಡಳು. ಪಂಪು ಹಿಡಿದು ನಿಂತಿದ್ದವನ ಕಡೆಗೆ ಬರಲಿಲ್ಲ. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಹೆಡ್ ಮೇಡಂ ಫೋನು ಮಾಡಿದರು. ಉಗಿಸಿಕೊಳ್ಳಲು ತಯಾರಾಗಿಯೇ ಎತ್ತಿದ. ಅವರು ಹತ್ತು ನಿಮಿಷ ಉಗಿದರು. ಆಮೇಲೆ ದನಿ ತಗ್ಗಿಸಿ, ಗೋಡೆಯೊಳಗೂ ಗೆದ್ದಲು ಇಳಿದಿದೆಯಂತೆ, ಅಡುಗೆಮನೆಯಲ್ಲಿ ಜಿರಳೆಯೂ ಇದೆಯಂತೆ, ಭಾನುವಾರ ಮಕ್ಕಳಿರುವುದಿಲ್ಲ, ಯಾರಿಗೂ ತಿಳಿಯದಂತೆ ಬಂದು ಹೊಡೆದು ಹೋಗುವಿರಾ ಎಂದು ಕೇಳಿದರು. ಈ ಸಲ ಸರ್ ಅನ್ನಲಿಲ್ಲ. ಅವನು ಆಗಲಿ ಎಂದ. ಕೆಲಸ ಕೆಲಸವೇ.

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಮಗಳು. ನಿನ್ನೆಯಿಂದ ಅವನ ಜೊತೆ ಮಾತು ಬಿಟ್ಟವಳು ಈಗ ತಾನಾಗಿ ಮಾತಾಡಿದಳು.

"ನಮ್ಮ ಸ್ಕೂಲಿಗೆ ಮತ್ತೆ ಕರೆದ್ರಾ?"

"ಹೂಂ, ಪುಟ್ಟಿ."

"ಪಾಠ ಮಾಡೋಕಾ?"

"ಹೂಂ," ಎಂದ.

"ಯಾವತ್ತು ಬರ್ತೀಯ ಅಂತ ಮೊದಲೇ ಹೇಳಪ್ಪಾ. ಉಳಿದಿರೋ ಹುಳಗಳಿಗೆಲ್ಲ ಹೇಳಿ ಬರ್ಬೇಕು."